ಚಂದ್ರನ ಕುಳಿಗಳೂ ಗೋಕಾಕದ ಕಲ್ಲೂ

ಚಂದ್ರನ ಮುಖದ ತುಂಬ ಉಲ್ಕಾಘಾತದ ಕುಳಿಗಳಿರಲು ಭೂಮಿಯ ಮೇಲೆ ಅವೇಕೆ ವಿರಳ? ವಾಯುಮಂಡಲವು ಕಾಯುವುದೆಂಬ ಉತ್ತರವಷ್ಟೇ ಸಾಕೆಂದರೆ ನಾವು ಒಪ್ಪಲಾರೆವು. ಸಣ್ಣ ಉಲ್ಕೆಗಳು ಗಾಳಿಯಲ್ಲಿ ಉರಿದುಹೋಗುವುವು, ನಿಜ. ದೊಡ್ಡವು ನೆಲಕ್ಕೆ ಬಡಿಯದೆ ಬಿಡವು. ಅವುಗಳ ಗುರುತನ್ನು ಅಳಿಸುವುದು ಮಳೆ, ಹೊಳೆ, ಭೂಚಲನೆ. ಗೋಕಾಕದಲ್ಲಿ ಘಟಪ್ರಭೆಯು 52 ಮೀಟರು ಧುಮುಕುವೆಡೆ ಗಟ್ಟಿ ಮರಳುಗಲ್ಲೂ ಸವೆಯುತ್ತಿದೆ. ಹುಕ್ಕೇರಿ, ಮೂಡಲಗಿಗಳ ಎರೆಮಣ್ಣು ಬಸಾಲ್ಟ್ ಶಿಲೆ ಸವೆದು ಆದುದೇ. ಆ ಶಿಲೆಯದೇ ಹಾಸಿನಲ್ಲಿ, ಮಹಾರಾಷ್ಟ್ರದ ಲೋಣಾರದಲ್ಲಿ, ಉಲ್ಕೆ ಕೊರೆದ ಸುಮಾರು 1.8 ಕಿಲೋಮೀಟರು ಅಗಲದ ಕುಳಿ ಉಳಿದಿರುವುದು ಅದಕ್ಕಿನ್ನೂ ಹತ್ತು ಲಕ್ಷ ವರ್ಷ ತುಂಬದುದರಿಂದ. ಚಂದ್ರನಲ್ಲಿಯಾದರೋ ಮುನ್ನೂರು ಕೋಟಿ ವರ್ಷ ಹಳೆಯ ಕುಳಿಗಳೂ ಇವೆ. ವಿದ್ಯಾರ್ಥಿಗಳನ್ನು ಗೋಕಾಕಕ್ಕೆ ಕರೆತರುವ ಉಪಾಧ್ಯಾಯರು ಜಲಪಾತದ ಎತ್ತರ ಬರೆಸಿ, ಕರದಂಟು ಕಟ್ಟಿಸಿ ಮರಳಿದರೆ ಸಾಲದು. ಪ್ರವಾಸವನ್ನು ಶುಕ್ಲಪಕ್ಷದ ಅಷ್ಟಮಿಗೆ ಹೊಂದಿಸಿ, ಸಂಜೆ ಅರ್ಧಚಂದ್ರನನ್ನು ದುರ್ಬೀನಿನಲ್ಲಿ ತೋರಿಸಲಿ.