‘ಪರವಾಗಿಲ್ಲ’ ಅಂದರೆ ‘ಅಮೃತ’ ಅಂತಲ್ಲ

ಸೋತ ಹೃದಯಕ್ಕೆ ಟೆಸ್ಟೋಸ್ಟೆರಾನ್ ಮದ್ದು ಎಂದು ಮಾರುವವರ ಬಾಯಲ್ಲಿ ಈಗ ಒಂದು ಸಿದ್ಧವಾಕ್ಯವಿದೆ: ‘ಹೃದಯಕ್ಕೆ ಸುರಕ್ಷಿತ ಅಂತ ಸಾಬೀತಾಗಿದೆ.’ ಇದು ತಪ್ಪು ಅನುವಾದ. ನನ್ನ ಹೊಟ್ಟೆಪಾಡು ಅನುವಾದವೇ ಆದ್ದರಿಂದ ಜಗಳವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ವಾಕ್ಯದ ಮೂಲ 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ಪ್ರಯೋಗ. ಹೃದ್ರೋಗ ಇರುವ ಅಥವಾ ಅದರ ಅಪಾಯ ಹೆಚ್ಚಿರುವ, ಟೆಸ್ಟೋಸ್ಟೆರಾನ್ ಕಡಿಮೆ ಇರುವ, 45ರಿಂದ 80 ವರ್ಷದ 5,200ಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಅರ್ಧ ಜನಕ್ಕೆ ಹಾರ್ಮೋನಿನ ಜೆಲ್, ಉಳಿದವರಿಗೆ ಬರೀ ಜೆಲ್. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಎಲ್ಲ ಸೇರಿ ಮೊದಲ ಗುಂಪಿನಲ್ಲಿ ಶೇ. 7.0, ಎರಡನೆಯದರಲ್ಲಿ ಶೇ. 7.3. ಸಂಶೋಧಕರು ಬಳಸಿದ ಪದ ‘ನಾನ್‌ಇನ್‌ಫೀರಿಯರ್’. ಅಂದರೆ, ಮೊದಲೇ ಗೊತ್ತುಮಾಡಿಕೊಂಡ ಮಿತಿಯನ್ನು ದಾಟುವಷ್ಟು ಕೆಟ್ಟದ್ದಲ್ಲ. ಊಟ ಹೇಗಿತ್ತು ಎಂದು ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತೇವಲ್ಲ, ಆ ಜಾತಿಯ ಮಾತು. ‘ಪರವಾಗಿಲ್ಲ’ ಎಂದದ್ದನ್ನು ‘ಅಮೃತ’ ಎಂದು ಬರೆಯುವವನು ಅನುವಾದಕನಲ್ಲ, ದಲ್ಲಾಳಿ.

ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಹೃದಯದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಹಾರ್ಮೋನ್ ಪಡೆದವರಲ್ಲಿ ಶೇ. 3.5, ಪಡೆಯದವರಲ್ಲಿ ಶೇ. 2.4. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬೀಳುವುದು ಕೂಡ ಹೆಚ್ಚು. ಈ ಸಾಲನ್ನು ಯಾರೂ ಅನುವಾದಿಸುವುದಿಲ್ಲ. ಅದಕ್ಕಿಂತ ಮುಖ್ಯ, ಇದು ಹೃದಯ ವೈಫಲ್ಯಕ್ಕೆ ಮದ್ದು ಹುಡುಕಿದ ಪ್ರಯೋಗವೇ ಅಲ್ಲ.

‘ಹೃದಯ ವೈಫಲ್ಯ’ ಎಂದ ಕೂಡಲೇ ನಮ್ಮ ಕಿವಿಗೆ ಹೃದಯ ನಿಂತೇ ಹೋಯಿತು ಎಂದು ಕೇಳಿಸುತ್ತದೆ. ಅದು ನಿಂತಿಲ್ಲ. ಮೈಗೆ ಬೇಕಾದಷ್ಟು ರಕ್ತ ನೂಕಲು ಒದ್ದಾಡುತ್ತಿದೆ. ಏದುಸಿರು, ಕಾಲಿನ ಊತ, ಮೆಟ್ಟಿಲು ಹತ್ತಲಾರದ ಸುಸ್ತು. ಇಂಥ ಗಂಡಸರಲ್ಲಿ ಅನೇಕರಿಗೆ ಟೆಸ್ಟೋಸ್ಟೆರಾನ್ ಕಡಿಮೆ ಇರುವುದು ನಿಜ. ಆದರೆ ಅನೇಕ ದೀರ್ಘ ಕಾಯಿಲೆಗಳು ಅದನ್ನು ಇಳಿಸುತ್ತವೆ. ಕೆರೆ ಬತ್ತಿದರೆ ಕೊಕ್ಕರೆಗಳು ಹಾರಿಹೋಗುತ್ತವೆ. ಕೊಕ್ಕರೆ ತಂದು ಬಿಟ್ಟರೆ ಕೆರೆ ತುಂಬುವುದಿಲ್ಲ.

ಎದುರು ಪಕ್ಷದಲ್ಲೂ ಪುರಾವೆ ಇದೆ, ಮುಚ್ಚಿಡುವುದಿಲ್ಲ. ಹೃದಯ ವೈಫಲ್ಯದವರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದರು. ಹಾರ್ಮೋನ್ ಪಡೆದವರು ಆರು ನಿಮಿಷದ ನಡಿಗೆಯಲ್ಲಿ ಸರಾಸರಿ 54 ಮೀಟರ್ ಹೆಚ್ಚು ನಡೆದರು. ಏದುಸಿರು ಬಿಡುವವರಿಗೆ ಅದು ಸಣ್ಣ ದೂರವಲ್ಲ. ಆದರೆ ನಾಲ್ಕೂ ಸೇರಿ ಇದ್ದವರು 198 ಜನ, ಅವಧಿ ಹೆಚ್ಚೆಂದರೆ ಒಂದು ವರ್ಷ. ಹೃದಯ ರಕ್ತ ನೂಕುವ ಶಕ್ತಿ ಸುಧಾರಿಸಲಿಲ್ಲ. ಇಷ್ಟು ಕಡಿಮೆ ಜನರಿಂದ ಆಯುಸ್ಸಿನ ಲೆಕ್ಕ ಹೇಳಲಾಗದು. ಅಂದಹಾಗೆ, ಆ ನಾಲ್ಕರಲ್ಲಿ ಒಂದು ಹೆಂಗಸರ ಮೇಲೆ ನಡೆದದ್ದು. ‘ಗಂಡಸುತನ’ದ ವ್ಯಾಪಾರಿಗಳು ಅದನ್ನು ಹೇಳುವುದಿಲ್ಲ.

2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರೇ ಹೃದಯದ ಎಚ್ಚರಿಕೆ ತೆಗೆಸಿದರಲ್ಲ ಎನ್ನುತ್ತಾರೆ. ಹೌದು. ಆದರೆ ಅದೇ ಆದೇಶದಲ್ಲಿ ರಕ್ತದೊತ್ತಡ ಏರುತ್ತದೆಂಬ ಎಚ್ಚರಿಕೆ ಸೇರಿಸಿದರು, ವಯಸ್ಸಿನಿಂದಷ್ಟೇ ಇಳಿದ ಹಾರ್ಮೋನಿಗೆ ಇದು ಒಪ್ಪಿತ ಚಿಕಿತ್ಸೆಯಲ್ಲ ಎಂಬ ಮಾತನ್ನು ಉಳಿಸಿಕೊಂಡರು. ದುರ್ಬಲ ಹೃದಯದವರಲ್ಲಿ ಮೈಯಲ್ಲಿ ನೀರು ನಿಲ್ಲಬಹುದೆಂಬ ಎಚ್ಚರಿಕೆ ಔಷಧದ ಕಾಗದದಲ್ಲೇ ಇದೆ. ಹತೋಟಿಗೆ ಬಾರದ ಹೃದಯ ವೈಫಲ್ಯವಿದ್ದರೆ ಕೊಡಬೇಡಿ ಎಂದು ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ.

ನನ್ನ ಸಿಟ್ಟಿನ ನಿಜವಾದ ಕಾರಣ ಬೇರೆ. 2013ರಲ್ಲಿ ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 1,205 ಹೃದಯ ವೈಫಲ್ಯದ ರೋಗಿಗಳನ್ನು ದಾಖಲಿಸಿದರು. ಸರಾಸರಿ ವಯಸ್ಸು 61. ಹೃದಯದ ನೂಕುಬಲ ಕುಗ್ಗಿದವರಲ್ಲಿ, ಜೀವ ಉಳಿಸುತ್ತವೆ ಎಂದು ಆಗಲೇ ಸಾಬೀತಾಗಿದ್ದ ಮೂರು ಬಗೆಯ ಮಾತ್ರೆಗಳನ್ನೂ ಬರೆಸಿಕೊಂಡು ಮನೆಗೆ ಹೋದವರು ನಾಲ್ಕರಲ್ಲಿ ಒಬ್ಬರು! ಆರೋಗ್ಯಕ್ಕೆ ಹೆಸರಾದ ಕೇರಳದ ಕತೆ ಇದು. ಈಗ ಅಂಥ ಮಾತ್ರೆಗಳು ನಾಲ್ಕು ಬಗೆ ಇವೆ. ಅವನ್ನು ಬಿಟ್ಟು ನಾವು ಸಾಬೀತಾಗದ ಐದನೆಯದರ ಜಾಹೀರಾತು ಓದುತ್ತಿದ್ದೇವೆ.

ಆ ನಾಲ್ಕರಲ್ಲಿ ಒಂದಾದ ಸ್ಪೈರೊನೊಲ್ಯಾಕ್ಟೋನ್ ಕೆಲವು ಗಂಡಸರಿಗೆ ಎದೆ ಊದಿಸುತ್ತದೆ. ನಾಚಿಕೆಪಟ್ಟು ಮಾತ್ರೆ ಬಿಡಬೇಡಿ. ಡಾಕ್ಟರಿಗೆ ಹೇಳಿದರೆ ಎಪ್ಲೆರೆನೋನ್‌ಗೆ ಬದಲಾಯಿಸಲು ದಾರಿಯಿದೆ. ‘ಗಂಡಸುತನ’ ಎಂಬ ಪದ ನಿಜಕ್ಕೂ ಜೀವ ತೆಗೆಯುವುದು ಇಂಥ ಕಡೆ.

ನಾನಿರುವ ನಾರಾಯಣಗೂಡದ ಈ ಹೈದರಾಬಾದಿನಲ್ಲೇ 1917ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಅನುವಾದ ಸಂಸ್ಥೆ ಹುಟ್ಟಿತು. ವಿಜ್ಞಾನದ ಒಂದೊಂದು ಪದಕ್ಕೂ ಉರ್ದು ಪದ ಗೊತ್ತುಮಾಡಲು ವಿದ್ವಾಂಸರು ಸಮಿತಿ ಕೂತು ವಾದಿಸಿದರು. ಇಂದು ಅದೇ ಕೆಲಸವನ್ನು ಜಿಮ್‌ಗಳಿಗೂ ಜಾಹೀರಾತಿನವರಿಗೂ ಬಿಟ್ಟುಕೊಟ್ಟಿದ್ದೇವೆ. ಹೃದ್ರೋಗ ಗುಣಪಡಿಸುತ್ತೇವೆ, ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂಬ ಔಷಧ ಜಾಹೀರಾತುಗಳನ್ನು 1954ರ ಕಾನೂನು ನಿಷೇಧಿಸಿದೆ. ಟೆಸ್ಟೋಸ್ಟೆರಾನನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಅದನ್ನು ಜಾರಿ ಮಾಡಿ.

ಹಾರ್ಮೋನಿನ ನಿಜವಾದ ಕೊರತೆ ಇರುವವರಿಗೆ ಚಿಕಿತ್ಸೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ದಿನ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಎರಡು ಸಲ ರಕ್ತ ಪರೀಕ್ಷೆಯಾಗಲಿ, ಹೃದಯದ ಡಾಕ್ಟರಿಗೆ ಗೊತ್ತಿರಲಿ. ಅದಕ್ಕೂ ಮೊದಲು ನಿಮ್ಮ ಮನೆಯ ಹೃದಯ ರೋಗಿಯ ಚೀಟಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: ‘ಆ ನಾಲ್ಕರಲ್ಲಿ ಇದರಲ್ಲಿ ಎಷ್ಟಿವೆ? ಇಲ್ಲದಿದ್ದರೆ ಯಾಕಿಲ್ಲ?’