ಕಿಬ್ಬೊಟ್ಟೆ ನೋವಿಗೆ ಗರ್ಭಕೋಶ ಒಂದೇ ಕಾರಣವಾ?

ಕೊಳವೆಬಾವಿ ನೀರು ನಿಂತರೆ ನಾವು ಮೊದಲು ಫ್ಯೂಸ್ ನೋಡ್ತೀವಿ, ವೈರು ನೋಡ್ತೀವಿ, ಆಮೇಲೆ ತಾನೆ ಮೋಟರು ಮೇಲಕ್ಕೆತ್ತೋದು? ಹೆಂಗಸಿಗೆ ಕಿಬ್ಬೊಟ್ಟೆ ನೋವು ಅಂದ್ರೆ ಮಾತ್ರ ಈ ಬುದ್ಧಿ ಓಡಲ್ಲ. "ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂತಾರೆ. ನಾವೂ ತಲೆಯಾಡಿಸಿ ಸಹಿ ಹಾಕ್ತೀವಿ.

ನಾನೂ ಹಾಕಿದ್ದೀನಿ. ನನ್ನ ಹೆಂಡತಿಗೆ ಬಲಗಡೆ ಚುಚ್ಚುನೋವು. ಆಪರೇಷನ್ ಆಯ್ತು, ಸಾಲವೂ ಆಯ್ತು, ನೋವು ಮಾತ್ರ ಹೋಗಲಿಲ್ಲ. ಎರಡು ವರ್ಷದ ಮೇಲೆ ಬೇರೊಬ್ಬ ಡಾಕ್ಟರಮ್ಮ ಅವಳನ್ನ ಮಲಗಿಸಿ, ನೋಯೋ ಜಾಗಾನ ಬೆರಳಿಂದ ಒತ್ತಿಕೊಂಡೇ "ತಲೆ ಎತ್ತಮ್ಮ" ಅಂದರು. ಎತ್ತಿದ ಕೂಡಲೆ ಚೀರಿದಳು. ಒಳಗಿನ ನೋವಾದ್ರೆ ಬಿಗಿಯಾದ ಸ್ನಾಯು ಅಡ್ಡ ನಿಂತು ನೋವು ತಗ್ಗೋದೇ ಹೆಚ್ಚು. ಹೊಟ್ಟೆಯ ಹೊರಗೋಡೆಯದಾದ್ರೆ ಹೆಚ್ಚಾಗ್ತದಂತೆ. ಹಳೇ ಅಪೆಂಡಿಕ್ಸ್ ಆಪರೇಷನ್ನಿನ ಗಾಯದ ಹತ್ತಿರ ನರ ಸಿಕ್ಕಿಕೊಂಡಿತ್ತು. ಅಲ್ಲೇ ಮರಗಟ್ಟೋ ಸೂಜಿ ಹಾಕಿದರು, ನೋವು ಇಳೀತು. ಹೋದ ಗರ್ಭಕೋಶ ವಾಪಸ್ ಬರ್ತದಾ?

ಇದೊಂದೇ ಕಾರಣ ಅಲ್ಲ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಎಂಡೋಮೆಟ್ರಿಯೋಸಿಸ್ ಇದೆ. ಸ್ಕ್ಯಾನಲ್ಲಿ ಕಾಣದೇನೂ ಇರಬಹುದು. ಕೆಮ್ಮೇ ಇಲ್ಲದೆ ಗರ್ಭನಾಳಕ್ಕೆ ಟಿಬಿ ಬರ್ತದೆ. ಅದರ ಮಾತ್ರೆ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ. ಕಿಬ್ಬೊಟ್ಟೆಯ ರಕ್ತನಾಳ ಊದಿಕೊಂಡ್ರೆ ದಿನವೆಲ್ಲಾ ನಿಂತವಳಿಗೆ ಸಂಜೆ ಭಾರ, ಮಲಗಿದ್ರೆ ಹಗುರ. ಮೂತ್ರಚೀಲ, ಕರುಳು, ಸೊಂಟದ ಕೀಲು ಇವುಗಳನ್ನೂ ನೋಡಬೇಕು.

ಗೆಡ್ಡೆ, ಕ್ಯಾನ್ಸರು, ನಿಲ್ಲದ ರಕ್ತಸ್ರಾವ ಇದ್ದಾಗ ಆಪರೇಷನ್ ಜೀವ ಉಳಿಸ್ತದೆ, ಇಲ್ಲ ಅನ್ನಲ್ಲ. ಆದ್ರೆ ಕಲಬುರಗಿ ಕಡೆ ತಾಂಡಾದ ಹೆಣ್ಣುಮಕ್ಕಳಿಗೆ ಬೇಡದ ಆಪರೇಷನ್ ಆದ ಗಲಾಟೆ ಮರೆತುಬಿಟ್ರಾ? ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದ್ದೇ ಕೇಸಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು, ಇದನ್ನ ತಡೆಯೋ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳೊಳಗೆ ಒಪ್ಪಿ ಜಾರಿ ಮಾಡಬೇಕು ಅಂತ ಹೇಳಿತು.

ತಪ್ಪು ಡಾಕ್ಟರದೊಂದೇ ಅಲ್ಲ. ನಮ್ಮ ಆಲಸನತ್ತದಲ್ಲಿ ಹೆಂಗಸು ಮನೇಲಿ ಕನ್ನಡವೋ ತೆಲುಗೋ ಆಡ್ತಾಳೆ. ಆಸ್ಪತ್ರೇಲಿ ತಮಿಳಲ್ಲಿ ಕೇಳಿದ್ರೆ ಗಂಡ ಉತ್ತರ ಹೇಳ್ತಾನೆ. ನೋವು ಅವಳದು, ಮಾತು ಇವನದು! ನಾನೂ ಹಂಗೇ ಮಾಡಿದೆ. ಊರೆದುರು ನಿಂತು ರಾತ್ರಿಯೆಲ್ಲಾ ಪದ ಹೇಳೋನಿಗೆ, ಮನೆಯವಳ ಮಾತು ಕೇಳೋಕೆ ಪುರುಸೊತ್ತಿರಲಿಲ್ಲ.

ಅಣ್ಣತಮ್ಮಂದಿರೆ, ಬಾಯಿ ಮುಚ್ಚಿ ಅವಳಿಗೆ ಮಾತಾಡೋಕೆ ಬಿಡಿ. ನೋವು ಯಾವಾಗ, ಎಲ್ಲಿ, ಏನು ಮಾಡಿದಾಗ ಅಂತ ಒಂದು ತಿಂಗಳು ಬರೆದಿಡಿ. ಸಹಿಗೆ ಮೊದಲು "ಬೇರೆ ಕಾರಣ ಇಲ್ಲ ಅಂತ ಹೆಂಗೆ ತಿಳೀತು?" ಅಂತ ಕೇಳಿ. ಉತ್ತರ ಸಿಗೋವರೆಗೂ ಪೆನ್ನು ಮುಟ್ಟಬೇಡಿ.