ಗಣಜೂರಿನ ಚಿನ್ನ ಮತ್ತು ಬಾವಿಯ ನೀರು

"ಸರ್, ನಮ್ಮ ಹಾವೇರಿಯಲ್ಲಿ ಚಿನ್ನವಿದೆಯಂತೆ, ನಿಜವೇ?" ಎಂದು ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. ನಿಜ. ಹಾವೇರಿಗೆ ಸಮೀಪದ ಗಣಜೂರಿನ ನೆಲದಡಿಯಲ್ಲಿ ಚಿನ್ನವಿದೆ. ಆದರೆ ಈ ಪ್ರಶ್ನೆಯ ಬೆನ್ನಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವೆಂಬುದೇ ನನ್ನ ಕೊರಗು.

ಮೊದಲು ಕಲ್ಲಿನ ಕಥೆ. ರಾಣೇಬೆನ್ನೂರಿನ ಹೆಸರು ಬೀಜದ ವ್ಯಾಪಾರಕ್ಕೂ ಕೃಷ್ಣಮೃಗಗಳಿಗೂ ಪ್ರಸಿದ್ಧ. ಅದೇ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಒಂದು ಶಿಲಾಸಮೂಹಕ್ಕೂ ಇದೆಯೆಂಬುದು ಆ ಊರಿನವರಲ್ಲೇ ಎಷ್ಟು ಮಂದಿಗೆ ಗೊತ್ತು? ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಮರಳು ಕೆಸರುಗಳು ಪದರಪದರವಾಗಿ ಕುಳಿತು ಗ್ರೇವ್ಯಾಕ್ ಎಂಬ ಬೂದುಬಣ್ಣದ ಕಲ್ಲಾದವು. ಜ್ವಾಲಾಮುಖಿಗಳು ಉಗುಳಿದ ಲಾವಾ ಕಾಲಾಂತರದಲ್ಲಿ ಬೆಂದು ಒತ್ತಲ್ಪಟ್ಟು ಹಸಿರು ಛಾಯೆಯ ಶಿಲೆಯಾಯಿತು. ಇವೆರಡೂ ಸೇರಿದ ಪಟ್ಟಿ ಶಿವಮೊಗ್ಗದ ಕಡೆಯಿಂದ ನಮ್ಮ ಜಿಲ್ಲೆಯನ್ನು ಹಾದು ಗೋವೆಯವರೆಗೆ ಹಬ್ಬಿದೆ. ಇಂಥ ಶಿಲೆಗಳಿಗೆ 'ಧಾರವಾಡ' ಎಂಬ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫುಟ್. ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ನಮ್ಮ ಧಾರವಾಡ ಇಂದಿಗೂ ಓಡಾಡುತ್ತಿದೆ, ಅದಕ್ಕೆ ನಮ್ಮ ಪೇಢೆ ಕಾರಣವಲ್ಲ!

ಭೂಮಿಯ ಒತ್ತಡದಿಂದ ಈ ಶಿಲೆಗಳು ಮಡಿಸಿ ಸೀಳಿದಾಗ, ಆಳದಿಂದ ಬಿಸಿನೀರು ಬಿರುಕುಗಳಲ್ಲಿ ಮೇಲೇರಿತು. ಗಂಧಕದೊಡನೆ ಕೂಡಿದ ಚಿನ್ನ ಆ ನೀರಿನಲ್ಲಿ ಕರಗಿತ್ತು. ಒತ್ತಡ ಇಳಿದಲ್ಲಿ ಬೆಣಚುಕಲ್ಲು ಎಳೆಎಳೆಯಾಗಿ ಗಟ್ಟಿಯಾಯಿತು. ಕಬ್ಬಿಣ ಹೆಚ್ಚಿರುವ ಕಲ್ಲು ಎದುರಾದಲ್ಲಿ ಗಂಧಕವು ಕಬ್ಬಿಣವನ್ನು ಸೇರಿಕೊಂಡು ಪೈರೈಟ್ ಆಯಿತು, ಒಡನಾಡಿಯನ್ನು ಕಳೆದುಕೊಂಡ ಚಿನ್ನ ಅಲ್ಲಿಯೇ ಉಳಿಯಿತು. ಗಣಜೂರಿನಲ್ಲಿ ನಡೆದದ್ದು ಇದೇ: ಗ್ರೇವ್ಯಾಕಿನ ನಡುವಿನ ಕಬ್ಬಿಣಯುಕ್ತ ಚರ್ಟ್ ಶಿಲೆಯಲ್ಲಿ ಚಿನ್ನ ನಿಂತಿದೆ. ಅದರ ಜೊತೆಗೆ ಆರ್ಸೆನೊಪೈರೈಟ್ ಎಂಬ ಖನಿಜವೂ ಇದೆ. ಹೆಸರೇ ಹೇಳುವಂತೆ ಅದರಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಅಡಗಿದೆ.

ನಮ್ಮ ಸೀಮೆಗೆ ಚಿನ್ನ ಹೊಸದೇನಲ್ಲ. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣ ಆರಿಸುತ್ತಿದ್ದ ಜಲಗಾರರ ಕುರಿತು ಫುಟ್ ಬರೆದಿದ್ದಾನೆ. ಆ ಗುಡ್ಡಗಳ ಚಿನ್ನದ ಶಿಲೆಗಳ ಬಗೆಗಿನ ಅವನ ಲೇಖನ ಪ್ರಕಟವಾದದ್ದು 1874ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಅಲ್ಲಿ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿಯವರು ಕೊಳವೆ ಕೊರೆದು ನಿಕ್ಷೇಪವನ್ನು ಅಳೆದರು. 2015ರಲ್ಲಿ ಗಣಿ ಕಾನೂನು ಹರಾಜಿನ ದಾರಿ ಹಿಡಿಯಿತು, 2021ರ ತಿದ್ದುಪಡಿಯು ಬಾಕಿ ಉಳಿದಿದ್ದ ಹಳೆಯ ಅರ್ಜಿಗಳಿಗೆ ತೆರೆ ಎಳೆಯಿತು. ಗುತ್ತಿಗೆ ಯಾರ ಪಾಲಾಗಬೇಕೆಂಬುದು ನನ್ನ ಚಿಂತೆಯಲ್ಲ.

ನನ್ನ ಚಿಂತೆ ಒಂದು ಸಣ್ಣ ಲೆಕ್ಕದ್ದು. ಇಲ್ಲಿನ ಅದಿರಿನಲ್ಲಿ ಟನ್ನಿಗೆ ಮೂರು ನಾಲ್ಕು ಗ್ರಾಂ ಚಿನ್ನ, ಒಂದು ಸಣ್ಣ ಉಂಗುರದಷ್ಟು. ಟನ್ನೆಂದರೆ ಹತ್ತು ಲಕ್ಷ ಗ್ರಾಂ. ನಾಲ್ಕು ಗ್ರಾಂ ಊರು ಬಿಟ್ಟು ಹೋದರೆ 9,99,996 ಗ್ರಾಂ ಊರಿನಲ್ಲೇ ಉಳಿಯುತ್ತದೆ. ಅದೂ ಕಲ್ಲಾಗಿ ಅಲ್ಲ, ನುಣ್ಣನೆಯ ಪುಡಿಯಾಗಿ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಆದರೆ ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಏಳುವುದು ಅಂದಿಗೆ ನಿಲ್ಲಲಿಲ್ಲ. ಬ್ಯಾಡಗಿ ಪೇಟೆಗೆ ಬರುವ ಮೆಣಸಿನಕಾಯಿಯನ್ನು ರೈತರು ಬಯಲಿನಲ್ಲಿ ಹರವಿ ದಿನಗಟ್ಟಲೆ ಒಣಗಿಸುತ್ತಾರೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಬೆಳೆಯ ಮೇಲೆ ಗಣಿಯ ಧೂಳು ಕುಳಿತರೆ ಕೊಳ್ಳುವವರು ಯಾರು?

ನೀರಿನ ಮಾತು ಇನ್ನೂ ಗಂಭೀರ. ಯಾದಗಿರಿ ಜಿಲ್ಲೆಯ ಮಂಗಳೂರು ಹಸಿರುಶಿಲಾ ಪಟ್ಟಿಯಲ್ಲಿ, ಹಳೆಯ ಚಿನ್ನದ ಗಣಿಯ ಸಮೀಪ, ಕಿರದಳ್ಳಿ ತಾಂಡಾ ಎಂಬ ಊರಿದೆ. ಅಲ್ಲಿನ ಜನರ ಚರ್ಮದ ಮೇಲೆ ಪಾಷಾಣದ ಗುರುತುಗಳನ್ನು ಸಂಶೋಧಕರು ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ಅಲ್ಲಿನ ಕಲ್ಲಿನಲ್ಲೇ ಇರುವಂಥದ್ದು. ತೊಡಕಿರುವುದು ಇಲ್ಲಿಯೇ. ನಾಳೆ ಗಣಜೂರಿನ ಬಾವಿಯಲ್ಲಿ ಪಾಷಾಣ ಕಂಡರೆ ಗಣಿಯವರು "ಇದು ನಿಮ್ಮ ಕಲ್ಲಿನ ಗುಣ, ಮೊದಲೇ ಇತ್ತು" ಎನ್ನಬಹುದು. ಹೌದೋ ಅಲ್ಲವೋ ಎಂದು ಹೇಳಲು ರೈತನ ಬಳಿ ಯಾವ ಕಾಗದವಿದೆ?

ಗಣಿಯೇ ಬೇಡವೆಂದು ನಾನು ಹೇಳಲಾರೆ. ಮಕ್ಕಳ ಮದುವೆಗೆ ಚಿನ್ನ ಕೊಂಡವರೇ ನಾವೆಲ್ಲ. ಆದರೆ ಮೊದಲ ಗುದ್ದಲಿ ಬೀಳುವ ಮುನ್ನ ಗಣಜೂರು, ಕರ್ಜಗಿ ಸುತ್ತಿನ ಬಾವಿ ಹಾಗೂ ಕೊಳವೆಬಾವಿಗಳ ನೀರನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಪರೀಕ್ಷಿಸಬೇಕು. ಪರೀಕ್ಷಿಸುವವರು ಕಂಪನಿಯ ಸಂಬಳದವರಾಗಿರಕೂಡದು. ಪುಡಿಯ ದಿಬ್ಬವನ್ನು ಕಾಯುವ ಖರ್ಚಿನ ಠೇವಣಿಯನ್ನು ಮುಂಗಡವಾಗಿಯೇ ಇರಿಸಿಕೊಳ್ಳಬೇಕು. ನಿಮ್ಮಲ್ಲಿ ರಸಾಯನಶಾಸ್ತ್ರ ಓದಿದವರಿದ್ದೀರಿ, ವಕೀಲರಿದ್ದೀರಿ, ಪಂಚಾಯಿತಿ ಸದಸ್ಯರೂ ಇದ್ದೀರಿ. ಸರ್ಕಾರ ಮಾಡುವವರೆಗೆ ಕಾಯದೆ ಬಾವಿಗಳ ಪಟ್ಟಿಯನ್ನಾದರೂ ಈ ಬೇಸಿಗೆಯಲ್ಲಿ ಆರಂಭಿಸಬಹುದು. ಫಲಿತಾಂಶವನ್ನು ಕನ್ನಡದಲ್ಲಿ ಬರೆದು, ದಿನಾಂಕ ಹಾಕಿ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಒಂದು ಪ್ರತಿಯನ್ನು ಊರ ಶಾಲೆಯಲ್ಲಿಯೂ ಇಡಿ.